ಮೊರಿತಾ ಸಾಹೇಬರು ತಲೆಬಾಗಿದ್ದು

ಘಾಜಿಯಾಬಾದ್
೧೨ ಫೆಬ್ರುವರಿ ೨೦೦೬, ಭಾನುವಾರ

ಪ್ರೀತಿಯ ಅಪ್ಪಾ,

ನಿಮ್ಮ ಹಿಮ್ಮಡಿಯ ಬಿರುಕು ವಾಸಿಯಾಯಿತೇ? ಮಸ್ಕತ್ತಿನ ಬಿಸಿಲಲ್ಲಿ ದಿನವಿಡೀ ನಿಂತೇ ಇರಬೇಡಿ. ನಾನೂ ಚಿಕ್ಕಮ್ಮನೂ ಚೆನ್ನಾಗಿದ್ದೇವೆ. ಚಳಿ ಇಳಿದಿದೆ, ಆದರೂ ಬೆಳಿಗ್ಗೆ ಟೆಂಪೋದಲ್ಲಿ ಕೂತರೆ ಬೆರಳು ಮರಗಟ್ಟುತ್ತದೆ.

ನನ್ನನ್ನು ಲೈನ್ ಲೀಡರ್ ಮಾಡಿದ್ದಾರೆಂದು ಹೋದ ಸಲ ಹಿಗ್ಗಿ ಬರೆದಿದ್ದೆ. ಈಗ ಸಾಕಾಗಿದೆ. ನನ್ನ ಕೈಕೆಳಗಿನ ಸಾಲಿನಲ್ಲಿ ಕಾರಿನ ಸೀಟು ಕವರ್ ಹೊಲಿಯುವ ಹದಿನೆಂಟು ಜನ, ಎಲ್ಲರೂ ನನಗಿಂತ ದೊಡ್ಡವರು. ನಾಲ್ಕನೇ ಕ್ಲಾಸು ಓದಿದ ನಾನು, ಅದೂ ಬಾಯಿ ಸತ್ತವಳು, ಅವರಿಗೆ ಏನು ಹೇಳಲಿ? ಹಳೆಯ ಮ್ಯಾನೇಜರ್ ಲುಧಿಯಾನದವರು; ಕೂಗಾಡುತ್ತಿದ್ದರು, ಕೆಲಸ ನಡೆಯುತ್ತಿತ್ತು. ಈಗ ಜಪಾನಿನಿಂದ ಮೊರಿತಾ ಸಾಹೇಬರು ಬಂದಿದ್ದಾರೆ. ಎಲ್ಲರಿಗಿಂತ ಮೊದಲು ಬಂದು ತಾವೇ ನೆಲ ಗುಡಿಸುತ್ತಾರೆ. ನೋಡಿ ನಾವೂ ಪೊರಕೆ ಹಿಡಿಯುತ್ತೇವೆಂದು ಅವರ ಎಣಿಕೆ. ನಮ್ಮವರು ಕಾಲೆತ್ತಿ ದಾರಿ ಬಿಡುತ್ತಾರೆ! ನಾನು ಗದರಿದರೆ ಸಾಹೇಬರ ಮುಖ ಬಾಡುತ್ತದೆ. ಗದರದಿದ್ದರೆ ನನ್ನ ಸಾಲಿನ ಧರಂಪಾಲ್ ಭಯ್ಯಾ ಬೀಡಿ ಸೇದಲು ಎದ್ದು ಹೋಗುತ್ತಾರೆ. ನಿಮ್ಮ ಮೇಸ್ತ್ರಿ ಕೆಲಸದಲ್ಲಿ ಮೂರು ದೇಶದವರು ಕೈಕೆಳಗಿದ್ದಾರಲ್ಲ, ಯಾರಿಗೆ ಗದರುತ್ತೀರಿ, ಯಾರಿಗೆ ಕೈಮುಗಿಯುತ್ತೀರಿ?

ಗುರುವಾರ ಕಾರು ಕಂಪನಿಯಿಂದ ಇನ್ನೂರು ಕವರ್ ವಾಪಸು ಬಂದವು. ಹೊಲಿಗೆ ಅರ್ಧ ಇಂಚು ಒಳಗೆ ಬಿದ್ದಿತ್ತು. ಸಾಹೇಬರು ಎಲ್ಲರನ್ನೂ ಸೇರಿಸಿ, ಸೊಂಟ ಬಗ್ಗಿಸಿ ತಲೆಬಾಗಿ, "ತಪ್ಪು ನನ್ನದು" ಎಂದು ತಮ್ಮ ಮುರುಕು ಹಿಂದಿಯಲ್ಲಿ ಹೇಳಿದರು. ಅವರ ದೇಶದಲ್ಲಿ ಮುಂದಾಳಾದವನು ಹಾಗೆಯೇ ಮಾಡುವುದಂತೆ, ಆಫೀಸಿನ ನಿಶಿತಾ ಮೇಡಂ ಹೇಳಿದರು. ಇಲ್ಲಿ ಅದು ಯಾರಿಗೆ ಬೇಕು? "ಅಚ್ಛಾ, ಕಳ್ಳ ತಾನೇ ಒಪ್ಪಿಕೊಂಡ" ಎಂದು ಧರಂಪಾಲ್ ನಕ್ಕರು. "ಏ ಮದ್ರಾಸಿ ಬೇಟಿ, ನಿನ್ನ ಸಾಹೇಬರ ಸೊಂಟಕ್ಕೆ ಎಣ್ಣೆ ಹಚ್ಚು!" ನಾನು ಕರ್ನಾಟಕದವಳೆಂದು ಎಷ್ಟು ಸಲ ಹೇಳಲಿ? ಅಂದಿನಿಂದ ಯಾರೂ ಸಾಹೇಬರ ಮಾತು ಕೇಳುತ್ತಿಲ್ಲ. ನಮ್ಮ ಮಾಲೀಕರೂ ಅಷ್ಟೇ, ತಪ್ಪು ಒಪ್ಪಿಕೊಂಡರಲ್ಲ, ಇನ್ನೇನು, ಸಾಹೇಬರನ್ನು ಜಪಾನಿಗೆ ವಾಪಸು ಕಳಿಸೋಣ ಅನ್ನುತ್ತಿದ್ದಾರೆ. ನಾಳೆ ಎಲ್ಲರನ್ನೂ ಕರೆದು ತೀರ್ಮಾನ ಹೇಳುತ್ತಾರಂತೆ.

ಸಿಟ್ಟು ಬರುತ್ತಿದೆ ಅಪ್ಪಾ. ಯಾರ ಮೇಲೆ ಎಂದು ಕೇಳಬೇಡಿ.

ಚಿಕ್ಕಮ್ಮ ನಿಮಗೆ ಸ್ವೆಟರ್ ಹೆಣೆಯುತ್ತಿದ್ದಾಳೆ. ಮಸ್ಕತ್ತಿಗೆ ಅದೇಕೆ ಅಂದರೆ ಮುನಿಸಿಕೊಳ್ಳುತ್ತಾಳೆ. ನಿಮ್ಮ ಪಾದ ಮುಟ್ಟಿದೆನೆಂದು ತಿಳಿಯಿರಿ.

ನಿಮ್ಮ ಮಗಳು,
ರತ್ನಾ

ಇನ್ನೊಂದು ಮಾತು: ಆ ಇನ್ನೂರು ಕವರಿನ ಬಟ್ಟೆಯ ಮೇಲೆ ಅಚ್ಚು ಇಟ್ಟು, ಹೊಲಿಗೆಗೆ ಸೀಮೆಸುಣ್ಣದ ಗೆರೆಯನ್ನು ಅರ್ಧ ಇಂಚು ಒಳಗೆ ಎಳೆದವಳು ನಾನೇ. ಸಾಹೇಬರು ಬಾಗಿದಾಗ ಮುಂದಿನ ಸಾಲಿನಲ್ಲೇ ನಿಂತಿದ್ದೆ, ಆಮೇಲೆ ಎಲ್ಲರ ಜೊತೆ ಕೆಲಸಕ್ಕೆ ಹೋದೆ. ಕೆಲಸದವರ ಎದುರು ಮೇಸ್ತ್ರಿ ತಪ್ಪು ಒಪ್ಪಬಾರದು ಎಂದು ನೀವು ಹೇಳುತ್ತಿದ್ದಿರಿ. ನಿಮ್ಮ ಉತ್ತರ ಬರುವಷ್ಟರಲ್ಲಿ ನಾಳೆ ಕಳೆದಿರುತ್ತದೆ, ಅದಕ್ಕೇ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಮಾಲೀಕರ ಮುಂದೆ, ಧರಂಪಾಲ್ ಮುಂದೆಯೂ, ತಪ್ಪು ನನ್ನದೆಂದು ಹೇಳಿಬಿಡುತ್ತೇನೆ. ಕೆಲಸ ಹೋದರೆ ಬೈಯಬೇಡಿ.