ಬಾಗಿಲಿಗೆ ಕಟ್ಟಿದ ಒದ್ದೆ ಚೀಲ

ವಿಠ್ಠಲವಾಡಿ,
ಬುಧವಾರ, ಮೇ ೨೨, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಮಗಳು ಜ್ಯೋತಿಗೆ ಅವ್ವನ ಆಶೀರ್ವಾದ.

ನೀವೆಲ್ಲ ಹೇಗಿದ್ದೀರಿ ಎಂದು ಕೇಳಿದರೆ ನೀನು ನಗುತ್ತೀ. ನಿನ್ನ ಮನೆಯಲ್ಲೇ ಕೂತು, ನಿನ್ನ ಅಕ್ಕಿ ಡಬ್ಬಿಯ ಮೇಲೆ ಕಾಗದ ಇಟ್ಟುಕೊಂಡು ನಿನಗೇ ಪತ್ರ ಬರೆಯುತ್ತಿದ್ದೇನೆ. ಎಡಗಡೆ ನಿನ್ನ ಕೂಸು ಕಾಂಚನಾ ಮಲಗಿದ್ದಾಳೆ. ಮೈ ತಂಪಾಗಿದೆ, ಉಸಿರಾಟ ಸರಿಯಾಗಿದೆ, ಈಗಷ್ಟೇ ಮುಟ್ಟಿ ನೋಡಿದೆ. ಮೊದಲು ಇಷ್ಟನ್ನು ಓದಿಕೋ, ಉಳಿದದ್ದು ಆಮೇಲೆ.

ಬಾಯಲ್ಲಿ ಹೇಳುವುದು ಬಿಟ್ಟು ಬರೆಯುವುದೇಕೆ ಅಂದರೆ, ಹತ್ತು ಅಡಿಯ ಈ ಖೋಲಿಯಲ್ಲಿ ನಿನಗೊಬ್ಬಳಿಗೇ ಕೇಳುವಂತೆ ಮಾತಾಡಲು ಒಂದು ಮೂಲೆಯೂ ಇಲ್ಲ. ಅಳಿಯಂದಿರಿಗೆ ಕನ್ನಡ ಮಾತಾಡಲು ಬರುತ್ತದೆ, ಆದರೆ ಕಲಿತದ್ದು ಮರಾಠಿ ಶಾಲೆಯಲ್ಲಿ, ಓದಲು ಬರುವುದಿಲ್ಲ. ಅವರಿಗೆ ತಿಳಿಸಬೇಕೋ ಬೇಡವೋ ನೀನೇ ನೋಡು. ಇನ್ನೊಂದು ಕಾರಣ, ನನಗೆ ಹೆದರಿಕೆ. ನಿನ್ನ ಮುಖ ನೋಡುತ್ತ ಇದನ್ನು ಹೇಳುವ ಧೈರ್ಯ ನನಗಿಲ್ಲ. ಸಂಜೆ ನೀನು ಠಾಣೆ ಪಟ್ಟಣದ ಕೆಲಸ ಮುಗಿಸಿ ಬರುತ್ತೀ, ಊಟ ಮಾಡುತ್ತೇವೆ, ಅಳಿಯಂದಿರು ನನ್ನನ್ನು ಕಲ್ಯಾಣ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಗಾಡಿ ಹತ್ತಿಸುತ್ತಾರೆ. ಕೂಸಿನ ಹಾಸಿಗೆ ಬಿಚ್ಚುವಾಗ ನಿನಗೆ ಈ ಕಾಗದ ಸಿಗುತ್ತದೆ. ಆಗ ನಾನು ನಿನ್ನ ಕೈಗೆ ಸಿಗುವುದಿಲ್ಲ. ಅಂಗನವಾಡಿಯ ಮೇಲ್ವಿಚಾರಕಿ ಫೋನ್ ಮಾಡಿ ಬೇಗ ಬಾ ಅಂದಿದ್ದಾರೆ ಎಂದು ನಿನಗೆ ಹೇಳಿದೆನಲ್ಲ, ಯಾರೂ ಫೋನ್ ಮಾಡಿಲ್ಲ. ನಿನ್ನ ಅವ್ವ ಇಷ್ಟು ಪುಕ್ಕಲಿ ಎಂದು ನಿನಗೆ ಗೊತ್ತಿರಲಿಲ್ಲ, ಅಲ್ಲವೇ?

ಹೇಳಬೇಕಾದದ್ದು ಇಷ್ಟು. ನಾಳೆ ನೀನು ಗೊತ್ತುಮಾಡಿದ ಹುಡುಗಿ ಶ್ರೀಮತಿ ಕೂಸು ನೋಡಿಕೊಳ್ಳಲು ಬಂದಾಗ ಬಾಗಿಲಿಗೆ ಒದ್ದೆ ಗೋಣಿಚೀಲ ಕಟ್ಟಬಾರದು. ಬಾಗಿಲು ಮುಚ್ಚಲೂ ಬಾರದು. ಕಟ್ಟಿ ಮುಚ್ಚಿದರೆ ಈ ಸಲ ಕೂಸು ನಮಗೆ ದಕ್ಕುವುದಿಲ್ಲ.

ಆ ಚೀಲ ಕಿತ್ತದ್ದರಿಂದಲೇ ಕೂಸಿಗೆ ಝಳ ಬಡಿಯಿತು ಎಂದು ನೀನೇ ಹೇಳಿದ್ದೆಯಲ್ಲ ಅವ್ವಾ, ಅನ್ನುತ್ತೀ. ಹೌದು, ಹೇಳಿದೆ. ಅದು ಸುಳ್ಳು.

ನಮ್ಮ ಇಂಡಿ ಕಡೆಯ ಬೇಸಿಗೆ ನಿನಗೆ ಗೊತ್ತು. ಏಸಿ ಎಂಬುದನ್ನು ನಾನು ಮೊದಲು ಕಂಡದ್ದು ವಿಜಯಪುರದ ಬ್ಯಾಂಕಿನಲ್ಲಿ, ಅದೂ ಪಾಸ್‌ಬುಕ್ಕು ಕೈಗೆ ಬರುವ ತನಕ ಮಾತ್ರ. ಮನೆಯಲ್ಲಿ ನಮಗೆ ಅದರ ಗೊಡವೆಯೇ ಇರಲಿಲ್ಲ. ಕಿಟಕಿಗೆ ಗೋಣಿಚೀಲ ಇಳಿಬಿಟ್ಟು, ತಾಸಿಗೊಮ್ಮೆ ಎರಡು ತಂಬಿಗೆ ನೀರು ಸುರಿದರೆ, ಹೊರಗೆ ಚುರುಗುಟ್ಟುವ ಗಾಳಿ ಒಳಗೆ ಬರುವಷ್ಟರಲ್ಲಿ ತಣ್ಣಗಾಗಿ ನಿದ್ದೆ ತರುತ್ತಿತ್ತು. ಅಂಗನವಾಡಿಯಲ್ಲಿ ಇಪ್ಪತ್ತೆರಡು ವರ್ಷ ಸಹಾಯಕಿಯಾಗಿ ಹಾಗೆಯೇ ಮಕ್ಕಳನ್ನು ಮಲಗಿಸಿದೆ. ನೀನೂ ಆ ಚೀಲದ ಮಗ್ಗುಲಲ್ಲಿ ಬೆಳೆದವಳು. ಒಂದು ಮಗುವಿಗೂ ಏನೂ ಆಗಲಿಲ್ಲ. ಆ ಸೊಕ್ಕು ನನ್ನ ಜೊತೆ ಗಾಡಿ ಹತ್ತಿ ಇಲ್ಲಿಗೂ ಬಂತು.

ಏಪ್ರಿಲ್‌ನಲ್ಲಿ ಬಂದ ಮಾರನೆಯ ದಿನ ಅಳಿಯಂದಿರು ಮೊಬೈಲು ನೋಡಿ ಇವತ್ತು ಮೂವತ್ತಾರು ಡಿಗ್ರಿ ಅಂದಾಗ ನಾನು ನಕ್ಕೆ. ನಮ್ಮಲ್ಲಿ ನಲವತ್ತಮೂರು ಎಂದೆ. ಮೂವತ್ತಾರಕ್ಕೆಲ್ಲ ಹೀಗೆ ಬೆವರುವ ನೀವು ಗಂಡಸರೇ ಎಂದು ಚೇಷ್ಟೆಯನ್ನೂ ಮಾಡಿದೆ. ಅವರು ಪಾಪ, ವಾಶಿ ಮಾರ್ಕೆಟಿನಲ್ಲಿ ಬೆಳತನಕ ಮೂಟೆ ಹೊತ್ತು ಬಂದವರು, ನಾನು ಕೇಳಿದೆನೆಂದು ಈರುಳ್ಳಿಯ ಎರಡು ಗೋಣಿಚೀಲ ತಂದುಕೊಟ್ಟರು. ನಾನೇ ಸೆರಗು ಸಿಕ್ಕಿಸಿಕೊಂಡು ನಿನ್ನ ಬಾಗಿಲಿಗೆ ಕಟ್ಟಿದೆ.

ಅವತ್ತೇ ಪಕ್ಕದ ಖೋಲಿಯ ಲೋಲಾಕ್ಷಿ ಬಂದಳು. ಅವಳ ಗಂಡ ಡೊಂಬಿವಲಿಯ ಹೋಟೆಲಿನಲ್ಲಿ ಅಡಿಗೆಯವನು, ಉಡುಪಿ ಕಡೆಯವರು, ಈ ಚಾಳದಲ್ಲಿ ಮೂವತ್ತು ವರ್ಷದಿಂದ ಇದ್ದಾರೆ ಎಂದು ನೀನೇ ಹೇಳಿದ್ದೆ. ಅವಳು ಚೀಲವನ್ನು ಮುಟ್ಟಿ ನೋಡಿ ಹೇಳಿದಳು, "ನಿಮ್ಮಲ್ಲಿ ಬಿಸಿಲು, ಇಲ್ಲಿ ಸೆಕೆ. ಸೆಕೆಗೆ ನೀರು ಹಾಕಿದ್ರೆ ಆಗುದಿಲ್ಲ ಮಾರಾಯ್ರೆ, ಗಾಳಿ ಬೇಕು. ಬಾಗಿಲು ತೆಗ್ದಿಡಿ." ನನಗೆ ಮೈಯೆಲ್ಲ ಉರಿಯಿತು. ನಾನು ಅಂದೆ, "ಇಪ್ಪತ್ತೆರಡ ವರ್ಷ ಕೂಸುಗೋಳ್ನ ನೋಡ್ಕೊಂಡೀನಿ. ನನಗ ಕಲಸಾಕ ಬರಬ್ಯಾಡ್ರಿ." ಅವಳು ಹೋದಳು. ಆಮೇಲೆ ನಾನು ಚೀಲದ ಕೆಳಗಿನ ಸಂದಿಗೂ ಒದ್ದೆ ಬಟ್ಟೆ ತುರುಕಿದೆ, ಬೇಕೆಂದೇ.

ಕೂಸು ಮಗ್ಗುಲು ಬದಲಿಸಿತು. ಹೋಗಿ ನೋಡಿ ಬಂದೆ. ಕುತ್ತಿಗೆಯಲ್ಲಿ ಬೆವರಿತ್ತು, ಒರೆಸಿದೆ. ಬೆವರು ಕಂಡರೆ ಈಗ ನನಗೆ ಸಮಾಧಾನ, ಕಾಣದಿದ್ದರೆ ಹೆದರಿಕೆ.

ಹದಿನಾಲ್ಕನೇ ತಾರೀಖು ಮಂಗಳವಾರ, ನೀನು ಹೋದ ಮೇಲೆ ಕೂಸಿಗೆ ಗಂಜಿ ತಿನ್ನಿಸಿ, ಚೀಲಕ್ಕೆ ನೀರು ಹೊಡೆದು, ನೆಲಕ್ಕೂ ಚಿಮುಕಿಸಿ ಬಾಗಿಲು ಮುಚ್ಚಿದೆ. ಹನ್ನೆರಡಕ್ಕೆ ಲೈಟು ಹೋಯಿತು, ಫ್ಯಾನು ನಿಂತಿತು. ನಾನು ಇನ್ನೊಂದು ಕೊಡ ನೀರು ಸುರಿದೆ. ಮೇಲೆ ತಗಡಿನ ಪತ್ರಾಸು ಕಾದು ಚಿಟಿಚಿಟಿ ಅನ್ನುತ್ತಿತ್ತು. ಗೋಡೆಯ ಮೇಲೆ ನೀರು ಹನಿಗಟ್ಟಿತ್ತು, ನನ್ನ ಸೀರೆ ಮೈಗೆ ಅಂಟಿತ್ತು, ಖೋಲಿಯ ತುಂಬ ಈರುಳ್ಳಿಯ ವಾಸನೆ. ಎಲ್ಲ ಒದ್ದೆಯಾಗಿದೆ ಅಂದರೆ ತಂಪಾಗಿದೆ ಅಂದುಕೊಂಡೆ. ಕೂಸು ಬಹಳ ಹೊತ್ತು ಅತ್ತಿತು, ಆಮೇಲೆ ಸುಮ್ಮನಾಯಿತು. ನನಗೂ ಕಣ್ಣು ಹತ್ತಿತು. ಎಚ್ಚರವಾದದ್ದು ಲೋಲಾಕ್ಷಿ ಬಾಗಿಲು ದೂಡಿಕೊಂಡು ಒಳಗೆ ಬಂದಾಗ.

ಅವಳು ಚೀಲ ಕಿತ್ತು ಗಲ್ಲಿಗೆ ಎಸೆದಳು, ಕೂಸಿನ ಅಂಗಿ ಬಿಚ್ಚಿದಳು. ಕೂಸಿನ ಮುಖ ಕೆಂಪಾಗಿತ್ತು, ಕೈಕಾಲು ಜೋತುಬಿದ್ದಿದ್ದವು, ಕಣ್ಣು ಅರ್ಧ ತೆರೆದು ಬೆಳ್ಳಗೆ ಕಾಣುತ್ತಿತ್ತು. ಮೈ ಒಣಗಿತ್ತು, ಜ್ಯೋತಿ. ಆ ಒದ್ದೆ ಖೋಲಿಯಲ್ಲಿ ಕೂಸಿನ ಮೈ ಒಂದೇ ಒಣಗಿತ್ತು. ಮುಟ್ಟಿದರೆ ರೊಟ್ಟಿಯ ಹಂಚು. ಅವಳು ಕೂಸನ್ನು ಹೊರಗೆ ಗಾಳಿಗೆ ಹಿಡಿದು, ನೀರಲ್ಲಿ ಒರೆಸಿ, ಮೊರದಿಂದ ಬೀಸಿ ಬೀಸಿ, ರಿಕ್ಷಾದಲ್ಲೂ ಬೀಸುತ್ತಲೇ ದವಾಖಾನೆಗೆ ಒಯ್ದಳು. ನಾನು ಚಪ್ಪಲಿ ಇಲ್ಲದೆ ಅವಳ ಹಿಂದೆ ಹೋದೆ.

ಅಲ್ಲಿ ಡಾಕ್ಟರಮ್ಮ ಖೋಲಿ ಮುಚ್ಚಿತ್ತೇ ಎಂದು ಕೇಳಿದರು. ನಾನು ಇಲ್ಲ ಎಂದು ತಲೆ ಆಡಿಸಿದೆ. ಕೂಸು ಮೇಜಿನ ಮೇಲೆ ಹಾಗೆ ಬಿದ್ದಿದ್ದರೂ ನಾನು ಸುಳ್ಳಾಡಿದೆ. ಲೋಲಾಕ್ಷಿ ಮರಾಠಿಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಹೇಳಿದ್ದನ್ನು ಆಮೇಲೆ ನನಗೆ ಬಿಡಿಸಿ ಹೇಳಿದಳು: ಇಲ್ಲಿನ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ಆರುವುದಿಲ್ಲ, ಮುಚ್ಚಿದ ಖೋಲಿಯಲ್ಲಿ ಚೀಲ ಒದ್ದೆ ಮಾಡಿದರೆ ಇಡ್ಲಿ ಪಾತ್ರೆಯಲ್ಲಿ ಇಟ್ಟ ಹಾಗೆ. ನಾನು ಕೇಳಿಸಿಕೊಂಡೆ. ಎಲ್ಲ ಅರ್ಥವಾಯಿತು.

ಎರಡು ತಾಸಿನ ಮೇಲೆ ನೀನು ಓಡಿ ಬಂದೆ. ಲೋಲಾಕ್ಷಿ ಔಷಧಿ ತರಲು ಕೆಳಗೆ ಹೋಗಿದ್ದಳು. ನೀನು ನನ್ನ ಎರಡೂ ತೋಳು ಹಿಡಿದು ಏನಾಯಿತು ಎಂದು ಕೇಳಿದೆ. ನನ್ನ ಬಾಯಿಂದ ಬಂದದ್ದು ಇದು: "ನಾ ಚೀಲ ಕಟ್ಟಿ ಛಲೋ ಮಲಗಿಸಿದ್ನಿ. ಆಕಿ ಬಂದು ಚೀಲ ಕಿತ್ತು ಬಾಗಲಾ ತೆಗದ್ಳು. ಝಳ ಬಡೀತು."

ಯಾಕೆ ಹಾಗೆಂದೆ ಎಂದು ಎಂಟು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನೀನು ನನ್ನ ಕೈಯಿಂದ ಕೂಸನ್ನು ಕಿತ್ತುಕೊಳ್ಳುತ್ತೀ ಎಂಬ ಭಯ. ಮಕ್ಕಳ ವಿಷಯದಲ್ಲಿ ಊರಿಗೆಲ್ಲ ಬುದ್ಧಿ ಹೇಳಿದ ಪದ್ಮಾವತಿ ಮೊಮ್ಮಗಳನ್ನೇ ಬೇಯಿಸಿದಳು ಅನ್ನುತ್ತಾರೆ ಎಂಬ ಭಯ. ಲೋಲಾಕ್ಷಿ ಔಷಧಿ ಹಿಡಿದು ಬಂದಾಗ ನೀನು ಅವಳ ಮುಖಕ್ಕೇ ಇನ್ನು ನಮ್ಮ ಹೊಸ್ತಿಲು ತುಳಿಯಬೇಡಿ ಅಂದೆ. ಅವಳು ನನ್ನನ್ನು ನೋಡಿದಳು. ನಾನು ಕೂಸಿನ ಕಾಲು ಸವರುತ್ತ ನಿಂತೆ. ಅವಳು ಔಷಧಿ ಇಟ್ಟು ಹೋದಳು.

ಡಾಕ್ಟರಮ್ಮ ಹೊರಡುವ ಗಡಿಬಿಡಿಯಲ್ಲಿ ನಿನಗೆ ಇಷ್ಟೇ ಹೇಳಿದರು, ಖೋಲಿ ತಂಪಾಗಿಡಿ ಎಂದು. ನೀನು ಮನೆಗೆ ಬಂದವಳೇ ಅಳಿಯಂದಿರಿಗೆ ಹೇಳಿ ಇನ್ನೆರಡು ಚೀಲ ತರಿಸಿ, ನಾಲ್ಕನ್ನೂ ಜೋಡಿಸಿ ಹೊಲಿದು ದೊಡ್ಡ ಪರದೆ ಮಾಡಿದೆ. ಸೂಜಿ ಚುಚ್ಚಿ ನಿನ್ನ ಬೆರಳಲ್ಲಿ ರಕ್ತ ಬಂತು. ನಾನು ಎದುರಿಗೆ ಕೂತು ದಾರ ಪೋಣಿಸಿ ಕೊಟ್ಟೆ.

ಅವತ್ತಿನಿಂದ ನನ್ನ ಕಸುಬು ಇದು. ಬೆಳಿಗ್ಗೆ ನಿನ್ನ ಕಣ್ಣೆದುರು ಪರದೆ ಕಟ್ಟಿ ನೀರು ಹೊಡೆಯುವುದು. ನೀನು ಗಲ್ಲಿ ತಿರುಗಿದ ಕೂಡಲೇ ಬಿಚ್ಚಿ, ಬಾಗಿಲು ತೆರೆದು, ಕೂಸಿನ ಅಂಗಿ ತೆಗೆದು ದಿನವಿಡೀ ಬೀಸುವುದು. ಸಂಜೆ ನೀನು ಬರುವ ಮೊದಲು ಮತ್ತೆ ಕಟ್ಟುವುದು. ನೀನು ಬಂದು ಕೂಸು ನಗುವುದನ್ನು ಕಂಡು, ಆ ಒದ್ದೆ ಪರದೆಗೆ ಕೈ ಮುಗಿದೆ. ನಂಬಿಕೆ ದಿನದಿನಕ್ಕೆ ಗಟ್ಟಿಯಾಯಿತು. ಅದನ್ನು ಗಟ್ಟಿ ಮಾಡಿದವಳೂ ನಾನೇ.

ಭಾನುವಾರ ಶ್ರೀಮತಿ ಬಂದಾಗ ಹೇಗೆ ಕಟ್ಟಬೇಕು, ಎಷ್ಟು ನೀರು ಹೊಡೆಯಬೇಕು ತೋರಿಸು ಅವ್ವಾ ಅಂದೆ. ತೋರಿಸಿದೆ. ಸಂದಿಗೆ ಬಟ್ಟೆ ತುರುಕುವುದನ್ನೂ ತೋರಿಸಿದೆ. ಆ ಹುಡುಗಿ ಒಳ್ಳೆಯವಳು, ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾಳೆ. ಅದಕ್ಕೇ ಮೂರು ರಾತ್ರಿಯಿಂದ ನನಗೆ ನಿದ್ದೆಯಿಲ್ಲ. ಪರದೆಯನ್ನು ಹರಿದು ಹಾಕೋಣವೆಂದರೆ ವಾಶಿಯಲ್ಲಿ ಗೋಣಿಚೀಲಕ್ಕೆ ಏನು ಬರ? ನಾಡಿದ್ದಿಗೆ ಇನ್ನೊಂದು ಬರುತ್ತದೆ. ನಿನ್ನ ತಲೆಯಲ್ಲಿರುವ ನಂಬಿಕೆಯೇ ಹರಿಯಬೇಕು, ಅದಕ್ಕೆ ನನ್ನ ಮರ್ಯಾದೆಯೂ ಹರಿಯಬೇಕು.

ಇವತ್ತು ಬೆಳಿಗ್ಗೆ ಕೂಸನ್ನು ಎತ್ತಿಕೊಂಡು ಲೋಲಾಕ್ಷಿಯ ಬಾಗಿಲಿಗೆ ಹೋದೆ. ತಪ್ಪಾಯಿತು ಅನ್ನಲು ಹೋದವಳು ಅಳತೊಡಗಿದೆ. ಅವಳು ಹಿಂದಿನ ಕಿಟಕಿಗೆ ಅಡ್ಡವಿದ್ದ ಪಾತ್ರೆಗಳನ್ನು ಸರಿಸಿ, ಗಾಳಿ ಬರುವ ಕಡೆ ಚಾಪೆ ಹಾಕಿ ಕೂಸನ್ನು ಮಲಗಿಸಿದಳು. ಕೊನೆಗೆ ಇಷ್ಟೇ ಅಂದಳು, "ಮಗಳಿಗೆ ನೀವೇ ಹೇಳ್ಬೇಕು. ನಾನು ಹೇಳಿದ್ರೆ ಅವಳು ನಂಬುದಿಲ್ಲ." ಅವಳ ಮಾತು ಸರಿ. ನಂಬದ ಹಾಗೆ ಮಾಡಿಟ್ಟಿದ್ದೇನೆ.

ಈಗ ಎದ್ದು ಅವಳ ಬಾಗಿಲು ತಟ್ಟು. ಹೊತ್ತಾಯಿತು, ಮಲಗಿರುತ್ತಾರೆ ಅನ್ನಬೇಡ. ಹನ್ನೆರಡರಿಂದ ನಾಲ್ಕರವರೆಗೆ ಕೂಸು ಅವಳ ಕಿಟಕಿಯ ಕೆಳಗೆ ಮಲಗಲಿ, ಶ್ರೀಮತಿಯೂ ಅಲ್ಲೇ ಕೂರಲಿ. ಲೋಲಾಕ್ಷಿ ಒಪ್ಪಿದ್ದಾಳೆ, ನೀನು ಒಂದು ಸಲ ಕರೆದರೆ ಸಾಕು. ಮೈ ಒರೆಸಿದರೆ ಒರೆಸಿದ ಮೇಲೆ ಬೀಸಬೇಕು. ಬೀಸದೆ ಒದ್ದೆ ಬಟ್ಟೆ ಹೊದಿಸಬಾರದು. ಲೈಟು ಹೋದರೆ ಖೋಲಿಯಲ್ಲಿ ಇರಲೇಬಾರದು. ಆ ಸ್ಟೇಷನ್ನಿನ ಪ್ಲಾಟ್‌ಫಾರ್ಮಾದರೂ ಆದೀತು, ಅಲ್ಲಿ ಗಾಳಿ ಆಡುತ್ತದೆ.

ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಫೋನ್ ಮಾಡಬೇಡ, ಅಥವಾ ಮಾಡಿ ಬೈದುಬಿಡು. ಕೂಸಿನ ಮೈ ಹೇಗಿದೆ ಎಂದು ಮಾತ್ರ ದಿನಕ್ಕೊಮ್ಮೆ ಯಾರ ಕೈಲಾದರೂ ತಿಳಿಸು.

ಗಂಟೆ ನಾಲ್ಕಾಯಿತು. ಇವತ್ತು ಪರದೆ ಕಟ್ಟುವುದಿಲ್ಲ.

ನಿನ್ನ ಮುಂದೆ ನಿಲ್ಲಲಾರದ,
ಅವ್ವ ಪದ್ಮಾವತಿ

ತಾ.ಕ.: ಕಾಗದ ಮಡಿಚಿಟ್ಟೆ, ಮತ್ತೆ ಬಿಚ್ಚಿದೆ. ಮೇಲೆ ಒಂದು ಕಡೆ ನನಗೂ ಕಣ್ಣು ಹತ್ತಿತು ಎಂದು ಬರೆದಿದ್ದೇನೆ. ಅದನ್ನು ಹೊಡೆದುಹಾಕು. ನಾನು ಎಚ್ಚರವಾಗಿಯೇ ಇದ್ದೆ. ಲೋಲಾಕ್ಷಿ ಮೂರು ಸಲ ಬಾಗಿಲು ತಟ್ಟಿದಳು, ಕೂಸು ಯಾಕೆ ಸುಮ್ಮನಾಯಿತು ಎಂದು ಕೂಗಿ ಕೇಳಿದಳು. ನನಗೆ ಚೆನ್ನಾಗಿ ಕೇಳಿಸಿತು. ಕೂಸು ಅಳು ನಿಲ್ಲಿಸಿದ್ದು ನನ್ನ ಚೀಲದ ತಂಪಿಗೆ, ಇವಳಿಗೆ ಸರಿಯಾಗಿ ಬುದ್ಧಿ ಬರಲಿ ಎಂದುಕೊಂಡು ಉತ್ತರ ಕೊಡದೆ ನಗುತ್ತ ಕೂತಿದ್ದೆ. ಊರಿಗೆ ಹೊರಟಿರುವುದು ಅದಕ್ಕೇ. ಮುಂದೆ ನಿನ್ನ ಮನಸ್ಸು ಕರಗಿ ಮತ್ತೆ ಬಾ ಎಂದು ಕರೆದರೂ, ನಾನು ಬಂದರೂ, ಕೂಸನ್ನು ನನ್ನೊಬ್ಬಳ ಕೈಯಲ್ಲಿ ಬಿಟ್ಟು ಹೋಗಬೇಡ.