ಮುಂಗೈ ಮೇಲೆ ಎಂಟು ಹನಿ

ಭೀಮನಬೀಡು,
ಗುಂಡ್ಲುಪೇಟೆ ತಾಲ್ಲೂಕು
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ತಂಗಿ ನೀಲಾ,

ಈ ಅಕ್ಷರ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕಬೇಡ, ಒಂದು ಸಲ ಪೂರ್ತಿ ಓದು. ಹೇಗಿದ್ದೀಯ? ಆ ಕೇರಳದ ಬತ್ತೇರಿಯಲ್ಲಿ ಈಗ ಚಳಿ ಜಾಸ್ತಿಯಂತೆ. ಚಳಿಗಾಲ ಬಂದರೆ ನಿನ್ನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತಲ್ಲ, ಏನಾದರೂ ಹಚ್ಚುತ್ತಿದ್ದೀಯ? ನೀನು ನೋಡಿಕೊಳ್ಳುತ್ತಿರುವ ಅಜ್ಜಿ ಒಳ್ಳೆಯವರಂತೆ, ನೀನೂ ಸಲೀಸಾಗಿ ಮಲಯಾಳ ಮಾತಾಡುತ್ತೀಯಂತೆ. ಇದನ್ನೆಲ್ಲ ಹೇಳಿದ್ದು ಟೊಮೆಟೊ ಗಾಡಿ ಓಡಿಸುವ ಶಾಂತರಾಜು. ವಿಳಾಸ ಕೊಡಲು ಮೊದಲು ಒಪ್ಪಲೇ ಇಲ್ಲ. “ಯಾರ್ಗೂ ಕೊಡ್ಬ್ಯಾಡ ಅಂದವ್ಳೆ ಕಣಕ್ಕ” ಎಂದ. ಅವನನ್ನು ಬೈಯಬೇಡ, ನಾನೇ ಕಾಡಿ ಬರೆಸಿಕೊಂಡೆ. ನಿನ್ನ ಹಳೆಯ ನಂಬರಿಗೆ ಮಾಡಿದರೆ ಬೇರೆ ಯಾರೋ ಗಂಡಸು ಎತ್ತುತ್ತಾನೆ. ಅದಕ್ಕೇ ಈ ಕಾಗದ.

ಹಂಗಳದಲ್ಲಿ ಅವ್ವ ಗಟ್ಟಿಯಾಗಿದ್ದಾಳೆ. ಬಲಗಣ್ಣಿನ ಪೊರೆ ತೆಗೆಸಿದ್ದಾಯಿತು. ಕಟ್ಟು ಬಿಚ್ಚಿದ ದಿನ ಎಲ್ಲರ ಮುಖ ಒಂದು ಸುತ್ತು ನೋಡಿ, “ನೀಲಿ ಬರ್ನಿಲ್ವಾ” ಎಂದು ಕೇಳಿದಳು. ನಾನು ಲೋಟ ತೊಳೆಯುವ ನೆವ ಮಾಡಿಕೊಂಡು ಆಚೆ ಹೋದೆ. ನಿನ್ನ ಭಾವ ಈಗಲೂ ಸ್ಕೂಲ್ ವ್ಯಾನ್ ಓಡಿಸುತ್ತಾರೆ. ನನ್ನದು ಅದೇ ಅಂಗನವಾಡಿ, ಅದೇ ಮಕ್ಕಳು, ಅದೇ ಮೊಟ್ಟೆ.

ಬರೆಯಬೇಕಾದ್ದು ನನ್ನ ಮಗಳು ತೇಜುವಿನ ವಿಷಯ. ನೀನು ಹೋದಾಗ ಅವಳಿಗೆ ಮೂರು ವರ್ಷ, ನಿನ್ನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಈಗ ಆರು ತುಂಬಿದೆ, ಒಂದನೇ ಕ್ಲಾಸು. ಈ ದೀಪಾವಳಿ ಕಳೆದ ಮೇಲೆ ಅವಳಿಗೆ ಕೆಮ್ಮು ಶುರುವಾಯಿತು. ಒಂದು ಬೆಳಿಗ್ಗೆ ಜಡೆ ಹಾಕುತ್ತಿದ್ದಾಗ ಬೆನ್ನಿನೊಳಗಿಂದ ಸುಯ್ ಎನ್ನುವ ಸದ್ದು ಕೇಳಿಸಿತು. ನೀಲಾ, ಅವಳಣ್ಣನ, ನಮ್ಮ ಮಂಟಿಯ ಎದೆಯಲ್ಲಿ ಬರುತ್ತಿದ್ದುದೂ ಅದೇ ಸದ್ದು. ಅಂದಿನಿಂದ ಬಾಳೆಹಣ್ಣು ನಿಲ್ಲಿಸಿದೆ, ಮೊಸರು ನಿಲ್ಲಿಸಿದೆ, ಆಚೆ ಆಡಲು ಬಿಡಲಿಲ್ಲ, ಮಲಗುವ ಕೋಣೆಯ ಕಿಟಕಿಗೆ ಗೋಣಿಚೀಲ ಕಟ್ಟಿದೆ. ಇಷ್ಟು ಮಾಡಿದರೂ ಸದ್ದು ನಿಲ್ಲಲಿಲ್ಲ. ಗುಂಡ್ಲುಪೇಟೆಯ ಮಕ್ಕಳ ಡಾಕ್ಟರು ಎರಡು ತಿಂಗಳು ನೋಡಿ, ಇವಳಿಗೆ ಮನೆಯೊಳಗಿನದೇ ಏನೋ ಒಗ್ಗುತ್ತಿಲ್ಲ, ಚಾಮರಾಜನಗರಕ್ಕೆ ಹೋಗಿ ಚರ್ಮದ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಅದಕ್ಕೆ ಮೊದಲು ಒಂದು ವಾರ ಶೀತದ ಮಾತ್ರೆ ಕೊಡಬಾರದಂತೆ. ಆ ಒಂದು ವಾರ ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ.

ಗುರುವಾರ ಮೂವರೂ ಹೋದೆವು. ನರ್ಸಮ್ಮ ತೇಜುವಿನ ಎಡಗೈಯನ್ನು ದಿಂಬಿನ ಮೇಲೆ ಮಲಗಿಸಿ, ಮುಂಗೈ ಉದ್ದಕ್ಕೂ ಪೆನ್ನಿನಲ್ಲಿ ಒಂದರಿಂದ ಎಂಟರವರೆಗೆ ಬರೆದು, ಪ್ರತಿ ಅಂಕಿಯ ಪಕ್ಕ ಒಂದೊಂದು ಹನಿ ಬಿಟ್ಟರು. ಒಂದರಲ್ಲಿ ಬರೀ ಉಪ್ಪುನೀರಂತೆ, ಇನ್ನೊಂದು ಯಾರಿಗೆ ಹಾಕಿದರೂ ಊದಿಕೊಳ್ಳುವ ಔಷಧಿಯಂತೆ. ಅವೆರಡನ್ನು ನೋಡಿಕೊಂಡು ಉಳಿದವನ್ನು ಅಳೆಯುತ್ತಾರೆ. ಉಳಿದ ಆರರಲ್ಲಿ ಬೆಕ್ಕು, ನಾಯಿ, ಜಿರಲೆ, ಗೋಡೆಗೆ ಹಿಡಿಯುವ ಬೂಸ್ಟು, ಮತ್ತೆ ಎರಡು ಜಾತಿಯ ಧೂಳಿನ ಹುಳ, ಇವುಗಳಿಂದ ತೆಗೆದ ಸಾರ. ಹನಿಯ ಮೇಲೆ ಸಣ್ಣ ಮುಳ್ಳಿನಂಥದ್ದರಲ್ಲಿ ಒಂದೊಂದು ಸಲ ಚುಚ್ಚಿದರು. ರಕ್ತ ಬರಲಿಲ್ಲ. ತೇಜು ಅಳಲೂ ಇಲ್ಲ, ಎಂಟರವರೆಗೂ ಎಣಿಸಿದಳು. ಆಮೇಲೆ ಹದಿನೈದು ನಿಮಿಷ ಕೆರೆದುಕೊಳ್ಳದೆ ಕೂರಬೇಕು. “ಉರೀತದೆ ಕಣವ್ವ” ಎಂದು ಒದ್ದಾಡಿದಳು, ನಾನು ಅವಳ ಬಲಗೈ ಹಿಡಿದುಕೊಂಡು ಕೂತೆ. ಆಗ ಅವಳು, “ಅಣ್ಣಂಗೂ ಇಂಗೇ ಚುಚ್ಚಿದ್ರಾ?” ಎಂದು ಕೇಳಿದಳು. ಇಲ್ಲ ಎಂದೆ. “ಯಾಕೆ ಚುಚ್ನಿಲ್ಲ?” ಎಂದಳು. ನಿನ್ನ ಭಾವ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.

ಧೂಳಿನ ಹುಳದ ಎರಡು ಹನಿಯೂ ಉಬ್ಬಿ ಬಂದವು, ಸುತ್ತ ಕೆಂಪಗೆ, ದೊಡ್ಡ ಸೊಳ್ಳೆ ಕಚ್ಚಿದ ಹಾಗೆ. ಜಿರಲೆಯದು ಸ್ವಲ್ಪ. ಬೆಕ್ಕು, ನಾಯಿ, ಬೂಸ್ಟಿನದಕ್ಕೆ ಏನೂ ಇಲ್ಲ. ಡಾಕ್ಟರಮ್ಮ ಸ್ಕೇಲ್ ಇಟ್ಟು ಅಳೆದು ಬರೆದುಕೊಂಡು ನಿಧಾನವಾಗಿ ಹೇಳಿದರು: ಈ ಹುಳ ಕಣ್ಣಿಗೆ ಕಾಣುವುದಿಲ್ಲ, ಹಾಸಿಗೆ, ದಿಂಬು, ಹಳೆಯ ಕಂಬಳಿಗಳಲ್ಲಿ ಇರುತ್ತದೆ, ಗಾಳಿ ಆಡದ ಕೋಣೆಯಲ್ಲಿ ಹೆಚ್ಚು. ಮಗು ಏನು ಹೊದ್ದು ಮಲಗುತ್ತದೆ ಎಂದು ಕೇಳಿದರು. ಮಂಟಿಯ ಕಂಬಳಿ ನಿನಗೆ ನೆನಪಿದೆಯಲ್ಲ, ಹಸಿರು ಅಂಚಿನದು. ಅವನು ಹೋದ ಮೇಲೆ ಅದನ್ನು ನಾನು ಒಗೆದಿರಲಿಲ್ಲ. ಅವನ ತಲೆಯ ಎಣ್ಣೆ ವಾಸನೆ ಅದರಲ್ಲಿತ್ತು. ಮೂರು ವರ್ಷ ಅದನ್ನೇ ತೇಜುವಿಗೆ ಹೊದಿಸಿ, ಅವಳ ಪಕ್ಕದಲ್ಲಿ ಅದಕ್ಕೆ ಮೂಗಿಟ್ಟು ಮಲಗುತ್ತಿದ್ದೆ. ಇಬ್ಬರು ಮಕ್ಕಳೂ ಒಟ್ಟಿಗಿದ್ದ ಹಾಗೆ ಅನ್ನಿಸುತ್ತಿತ್ತು.

ಶುಕ್ರವಾರ ಹಂಡೆ ತುಂಬ ನೀರು ಕುದಿಸಿ ಕಂಬಳಿ ಅದ್ದಿದೆ. ನೀರು ಚಹಾದ ಬಣ್ಣಕ್ಕೆ ತಿರುಗಿತು. ಸಂಜೆ ತಂತಿಯಿಂದ ತೆಗೆದು ಮೂಸಿದರೆ ಬರೀ ಬಿಸಿಲು, ಸೋಪು. ಅವನು ಇನ್ನೊಂದು ಸಲ ಹೋದ ಹಾಗಾಯಿತು. ಹಳೆಯ ಹತ್ತಿ ಹಾಸಿಗೆಯನ್ನು ನಿನ್ನ ಭಾವ ಹೊಲಕ್ಕೆ ಹೊತ್ತುಕೊಂಡು ಹೋಗಿ ಸುಟ್ಟರು. ಕಿಟಕಿಯ ಗೋಣಿಚೀಲ ಬಿಚ್ಚಿದೆ. ತೇಜು ಈಗ ಚಾಪೆಯ ಮೇಲೆ, ಒಗೆದ ದುಪ್ಪಟಿ ಹೊದ್ದು ಮಲಗುತ್ತಾಳೆ. ವಾಸಿಯಾಗಲು ತಿಂಗಳುಗಟ್ಟಲೆ ಬೇಕಂತೆ, ಒಂದೇ ದಿನದಲ್ಲಿ ಏನನ್ನೂ ನಿರೀಕ್ಷಿಸಬೇಡಿ ಎಂದಿದ್ದಾರೆ.

ಹೊರಡುವ ಮುಂಚೆ ಡಾಕ್ಟರಮ್ಮನನ್ನು ಒಂದು ಮಾತು ಕೇಳಿದೆ. ನನ್ನ ಮಗ ಹೋಗುವ ಹಿಂದಿನ ದಿನ ಚಿಕ್ಕಮ್ಮನ ಜೊತೆ ಗುಂಡ್ಲುಪೇಟೆಗೆ ಹೋಗಿ ಐಸ್‌ಕ್ರೀಮ್ ತಿಂದಿದ್ದ, ಅದರಿಂದಲೇ ಹೋದನಾ ಎಂದು. ಅವರು, “ನಾನು ನೋಡದೇ ಇರುವ ಮಗುವಿನ ಬಗ್ಗೆ ಖಂಡಿತವಾಗಿ ಏನೂ ಹೇಳಲಾರೆನಮ್ಮ. ಆದರೆ ಎದೆ ಅಷ್ಟು ಕೆಡುವುದು ಒಂದು ಐಸ್‌ಕ್ರೀಮಿನಿಂದ ಅಂತ ನಾನು ನಂಬುವುದಿಲ್ಲ. ಎಷ್ಟೋ ದಿನದಿಂದ ಒಳಗೇ ಊದಿಕೊಂಡಿರುತ್ತದೆ” ಎಂದರು.

ಹನ್ನೊಂದನೇ ದಿನ, ನೆಂಟರೆಲ್ಲ ಕೂತಿದ್ದ ಚಪ್ಪರದಲ್ಲಿ ನಾನು ಆಡಿದ ಮಾತು ನನ್ನ ಕಿವಿಯಿಂದ ಹೋಗಿಲ್ಲ. “ನನ್ ಮಗನ್ನ ತಿಂದ್ಕಂಡೋಳು ನೀನೆ ಕಣ. ಇನ್ ಈ ಹೊಸ್ಲು ತುಳೀಬ್ಯಾಡ.” ನೀನು ಕೈಯಲ್ಲಿದ್ದ ಎಲೆಗಳ ಕಂತೆಯನ್ನು ಮೆಲ್ಲಗೆ ಕೆಳಗಿಟ್ಟೆ, ಚಪ್ಪಲಿ ಹುಡುಕಿಕೊಂಡೆ, ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ನಾಲ್ಕು ಜನ ನಿನ್ನ ಹಿಂದೆ ಬಂದರು. ನಾನು ಏಳಲಿಲ್ಲ. ಮಂಟಿಗೆ ನಡೆಯಲು ಕಲಿಸಿದವಳು ನೀನು. ಅವನು ಮೊದಲು ಆಡಿದ ಮಾತು ನಿನ್ನ ಹೆಸರು, ಅವ್ವ ಅಂತಲ್ಲ. ಅವನಿಗಾಗಿ ಅಳುವ ಹಕ್ಕನ್ನೂ ನಿನ್ನಿಂದ ಕಿತ್ತುಕೊಂಡುಬಿಟ್ಟೆ.

ಕ್ಷಮಿಸು ಎಂದು ಬರೆದರೆ ಚಿಕ್ಕದಾಗಿ ಕಾಣುತ್ತದೆ. ಬೇರೆ ಪದ ನನಗೆ ಗೊತ್ತಿಲ್ಲ.

ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ಮಾದಪ್ಪ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಶಿವಲಕ್ಷ್ಮಿ

ಮತ್ತೆ: ಲಕೋಟೆಗೆ ಹಾಕಿ, ಅಂಟಿಸಲಾಗದೆ ವಾಪಸು ತೆಗೆದಿದ್ದೇನೆ. ಮುಖ್ಯವಾದದ್ದನ್ನು ಬರೆದೇ ಇಲ್ಲ. ಮಂಟಿಗೆ ಬೆಳಿಗ್ಗೆ ಸಂಜೆ ಬಾಯಲ್ಲಿಟ್ಟು ಉಸಿರೆಳೆದುಕೊಳ್ಳಲು ಡಾಕ್ಟರು ಕೊಟ್ಟಿದ್ದ ಪಂಪನ್ನು ನಾನು ಹದಿನೈದು ದಿನದಿಂದ ನಿಲ್ಲಿಸಿದ್ದೆ. ಪಂಪು ಅಭ್ಯಾಸವಾಗಿಬಿಡುತ್ತದೆ, ಮಗುವಿನ ಹೃದಯ ಸೋಲುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಟ್ರಂಕಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದೆ. ಊರಿನ ತಾಯಂದಿರಿಗೆಲ್ಲ ಔಷಧಿ ತಪ್ಪಿಸಬೇಡಿ ಎಂದು ಹೇಳುವವಳು ನಾನು. ಅವನು ಹೋದ ಆ ಬೆಳಿಗ್ಗೆ ನೀನು “ಅಕ್ಕ, ಪಂಪ್ ಎಲ್ಲದೆ?” ಎಂದು ಕೂಗಿದೆ, ನಾನು ಟ್ರಂಕು ತೋರಿಸಿದೆ. ನೀನು ತೆಗೆದೆ. ಹೊಸದಾಗಿ ತಂದಿದ್ದ ಡಬ್ಬಿಯ ಸೀಲು ಕೂಡ ಒಡೆದಿರಲಿಲ್ಲ. ನೀನು ಒಂದು ಸಲ ನನ್ನ ಮುಖ ನೋಡಿ ಅವನ ಹತ್ತಿರ ಓಡಿದೆ. ಅಷ್ಟರಲ್ಲಿ ಅವನಿಗೆ ಎಳೆದುಕೊಳ್ಳುವ ಶಕ್ತಿ ಇರಲಿಲ್ಲ. ಹನ್ನೊಂದನೇ ದಿನ ನೀನು ಅದನ್ನು ಹೇಳಿದ್ದರೆ ಸಾಕಿತ್ತು. ನೀನು ಹೇಳುವುದಿಲ್ಲ ಎಂದು ಗೊತ್ತಿದ್ದೇ ನಾನು ಅಷ್ಟು ಜೋರಾಗಿ ಕೂಗಿದ್ದು. ನಿನ್ನೆ ನಿನ್ನ ಭಾವನಿಗೆ ಹೇಳಿದೆ. ಎದ್ದು ಹೋದವರು ಊಟಕ್ಕೆ ಬರಲಿಲ್ಲ. ಈ ಬೆಳಿಗ್ಗೆ ಗೋಡೆ ನೋಡಿಕೊಂಡು, “ಮೊದ್ಲು ನೀಲಂಗೆ ಬರಿ” ಎಂದರು, ಅಷ್ಟೇ. ನಾಳೆ ಮೊದಲನೇ ಬಸ್ಸಿಗೆ ಹಂಗಳಕ್ಕೆ ಹೋಗುತ್ತೇನೆ. ಅವ್ವನಿಗೂ ನಾನೇ ಹೇಳಬೇಕು.