ಮೂವತ್ತೆಂಟರಲ್ಲಿ ಒಬ್ಬಳು

ಡಿಸೆಂಬರ್ 15, ಸೋಮವಾರ. ಬೆಳಿಗ್ಗೆ 6.30

ಚಹಾ ಆಯಿತು. ಕಂಪ್ಯೂಟರಿನಲ್ಲಿ ದೂರಿನ ಪೆಟ್ಟಿಗೆ ನೋಡಿದೆ. ಎರಡು ಪತ್ರ ಕಾದಿವೆ. ಐದು ಪತ್ರ ಆದ ಮೇಲೆ ಹಿಂದುಮುಂದಾಗಿ ಕಲೆಸಿ, ಒಟ್ಟಿಗೆ ಆಸ್ಪತ್ರೆಯ ದೂರು ಕಮಿಟಿಗೆ ಹೋಗುತ್ತವೆ. ಹೆಸರಿಲ್ಲ, ಫೋನ್ ನಂಬರಿಲ್ಲ. ಕಮಲಾಪುರದ ಆಸ್ಪತ್ರೆಯ ಹೆಂಗಸರು ದೂರು ಬರೆಯಲೆಂದು ನಾನೇ ಮಾಡಿಕೊಟ್ಟ ಸಾಫ್ಟ್‌ವೇರ್. ಗುಂಪಿನಲ್ಲಿ ಒಬ್ಬರು ಎಷ್ಟು ಮರೆಯಾಗಬಲ್ಲರು ಎಂದು ಅಳೆಯುವುದರಲ್ಲೇ ಪಿಎಚ್‌ಡಿಯ ಐದು ವರ್ಷ ಹೋಗಿದೆ.

ಆಸ್ಪತ್ರೆ ಮ್ಯಾನೇಜರನದು ಎರಡೇ ಷರತ್ತು — ಹೆಂಗಸರು ಆಸ್ಪತ್ರೆಯ ವೈಫೈಯಲ್ಲಿ ಮಾತ್ರ ಬರೆಯಬೇಕು, ಪತ್ರದ ಮೇಲೆ ಬರೆದ ದಿನಾಂಕ ಇರಬೇಕು. ಒಪ್ಪಿದೆ. ದಿನಾಂಕದಿಂದ ಏನಾಗುತ್ತದೆ?

ಫರ್ಹೀನ್ ಬಸ್ಸಿಗೆ ಹೊರಟವಳು ಬಾಗಿಲಲ್ಲಿ ನಿಂತಳು. ನಮ್ಮ ಮೇಲಿನ ರೂಮಿನ ಬಾಡಿಗೆಯವಳು, ಅದೇ ಆಸ್ಪತ್ರೆಯಲ್ಲಿ ನರ್ಸ್.

"ಮೇಡಂ, ಬರದ್ರ ಯಾರಂತ ಗೊತ್ತಾಗಂಗಿಲ್ಲಲ್ರೀ?"

"ಮೂವತ್ತೆಂಟು ಮಂದಿ ಹೆಣ್ಮಕ್ಕಳದಾರ. ಬರದಾಕಿ ಯಾರಂತ ನನಗೂ ಗೊತ್ತಾಗಂಗಿಲ್ಲ ಹೋಗು."

ನಕ್ಕಳು. ಏನೋ ಇದೆ. ಕೇಳಲಿಲ್ಲ.

ಡಿಸೆಂಬರ್ 19, ಶುಕ್ರವಾರ

ಎಳ್ಳಮಾವಾಸ್ಯೆ. ತಾಜಸುಲ್ತಾನಪುರದ ಹೊಲ. ಕಾಳು-ಸೊಪ್ಪಿನ ಭಜ್ಜಿ, ಸಜ್ಜಿ ರೊಟ್ಟಿ, ಮೇಲೊಂದು ನಿದ್ದೆ. ನಮ್ಮ ಬಡಾವಣೆ ಖೂಬಾ ಪ್ಲಾಟಿಗೆ ಪ್ಲಾಟೇ ಬೀಗ ಹಾಕಿಕೊಂಡು ಹೊಲಕ್ಕೆ ಬಂದಿದೆ. ಫರ್ಹೀನ್ ಮಾತ್ರ ಡ್ಯೂಟಿಗೆ ಹೋದಳು. "ಇವತ್ತ ಉಳಿದ ಹೆಣ್ಮಕ್ಕಳ ಡ್ಯೂಟಿ ನಾ ನೋಡ್ಕೊಂತೀನಿ, ರಂಜಾನಕ್ಕ ನಂದು ಅವರು ನೋಡ್ಕೊಂತಾರ." ಪ್ರತಿ ವರ್ಷದ ಒಪ್ಪಂದವಂತೆ. ಅವಳಿಗೂ ಡಬ್ಬಿಯಲ್ಲಿ ಭಜ್ಜಿ ತಂದೆ.

ಡಿಸೆಂಬರ್ 23, ಮಂಗಳವಾರ

ಐದು ಪತ್ರ ಆದವು. ಕಮಿಟಿಗೆ ಹೋದವು. ನಾಲ್ಕು ನೀರು, ಕ್ಯಾಂಟೀನಿನ ತಕರಾರು. ಒಂದು... ಸ್ಟೋರ್ ಇನ್‌ಚಾರ್ಜ್ ಔಷಧಿ ಕೊಡುವ ನೆಪದಲ್ಲಿ ಬಾಗಿಲು ಹಾಕಿಕೊಂಡು ಮೈ ಮುಟ್ಟುತ್ತಾನೆ. ದಿನಾಂಕ 19. ಬರೆದವಳು ಸಿಕ್ಕಿಬೀಳುವ ಸಾಧ್ಯತೆ ಎಷ್ಟೆಂದು ಪರದೆಯ ಮೇಲೆ ಎಂದಿನ ಅಂಕಿ: 38ರಲ್ಲಿ 1. ಸಿಸ್ಟಮ್ ಕೆಲಸ ಮಾಡಿತು ಎಂದು ಖುಷಿಪಟ್ಟೆ. ಖುಷಿ!

ಡಿಸೆಂಬರ್ 24. ಸಂಜೆ 5

ಫರ್ಹೀನ್ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಮ್ಯಾನೇಜರ್ ಕರೆಸಿ ಹಾಜರಿ ಪುಸ್ತಕ ಮುಂದಿಟ್ಟನಂತೆ. ಹತ್ತೊಂಬತ್ತನೇ ತಾರೀಖು, ಹೆಂಗಸರ ಸಹಿ ಒಂದೇ, ಅವಳದು.

"ಅವತ್ತ ಆ ಸ್ಟೋರಿನ ಮನಿಷ್ಯಾ ಇರಲಿಲ್ರೀ ಮೇಡಂ. ಅದಕ್ಕ ಧೈರ್ಯ ಬಂತು, ಬರದೆ."

ನನ್ನ ತಲೆಗಿಷ್ಟು ಬೆಂಕಿ ಹಾಕ. ಇಡೀ ಊರು ಹೊಲದಲ್ಲಿತ್ತು. ನಾನೂ ಹೊಲದಲ್ಲೇ ಕೂತು ಉಣ್ಣುತ್ತಿದ್ದೆ. ಆದರೂ 38 ಅಂತ ಎಣಿಸಿದೆ. ಅವತ್ತು ಆಸ್ಪತ್ರೆಯಲ್ಲಿ ಇದ್ದದ್ದು ಒಬ್ಬಳು.

ಡಿಸೆಂಬರ್ 29

ಕಮಲಾಪುರಕ್ಕೆ ಹೋದೆ. ತಪ್ಪು ನನ್ನದು, ಅವಳನ್ನು ಬಿಡಿ ಎಂದೆ. ಮ್ಯಾನೇಜರ್ ಚಹಾ ತರಿಸಿದ. "ನೀವು ಹೆಸರು ಹೇಳಿಲ್ಲ, ನಾವು ಕೇಳಿಲ್ಲ. ಹಾಜರಿ ಮಸ್ಟರ್ ನೋಡಿದ್ವಿ, ಅಷ್ಟ."

ಅಲ್ಲೇ ಕೆಲಸದಲ್ಲಿರುವ ಫರ್ಹೀನಳ ಗೆಳತಿ ಶೇವಂತಾಳನ್ನು ಹಿಡಿದೆ. ನೀನೂ ಅವತ್ತು ಬಂದು ಬರೆದಿದ್ದೆ ಅಂತ ಹೇಳು ಎಂದೆ. ಇಷ್ಟು ನಾಚಿಕೆಗೆಟ್ಟೆ.

"ಹೆಂಗ್ ಹೇಳಲ್ರೀ? ಹೊಲದಾಗಿನ ಫೋಟೊ ಸ್ಟೇಟಸ್‌ಗೆ ಹಾಕೀನಿ. ಎಲ್ಲಾರೂ ನೋಡ್ಯಾರ." ಅಳುತ್ತಿದ್ದಳು.

ಜನವರಿ 3

ಫರ್ಹೀನಳನ್ನು ಕೆಲಸದಿಂದ ತೆಗೆದರು. ದೂರಿನ ವಿಚಾರಣೆಯಿಲ್ಲ. ಅವಳ ಅಪ್ಪ ಬುರ್ಹಾನುದ್ದೀನ್ ಬಂದು ಸಾಮಾನು ಕಟ್ಟಿಸಿದರು. "ನಿಮ್ಮ ಮ್ಯಾಲ ಭರೋಸಾ ಇಟ್ಟು ಮಗಳನ್ನ ಇಲ್ಲಿ ಬಿಟ್ಟಿದ್ದೆ ಮೇಡಂ." ಇಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಫರ್ಹೀನ್ ನನ್ನ ಕಡೆ ನೋಡಲಿಲ್ಲ.

ಜನವರಿ 17. ಮಧ್ಯಾಹ್ನ

ಎರಡು ವಾರ ಒಂದು ಅಕ್ಷರ ಬರೆದಿಲ್ಲ. ಇವತ್ತು ಪೆಟ್ಟಿಗೆ ಮುಚ್ಚಿಬಿಡೋಣ ಎಂದು ತೆರೆದೆ.

ಒಂದು ಪತ್ರ.

"ನಾ ಕೆಲಸಕ್ಕ ಬಂದು ಎಂಟು ದಿನ ಆತ್ರೀ. ಸ್ಟೋರಿನ್ಯಾಗ ಬಾಗಿಲಾ ಹಾಕ್ಕೊಂಡು..."

ಫರ್ಹೀನಳ ಜಾಗಕ್ಕೆ ಹೊಸದಾಗಿ ಬಂದವಳು ಒಬ್ಬಳೇ. ದಿನಾಂಕ ತೆಗೆದು ಕಳಿಸಿದರೂ ಸಂಜೆಯೊಳಗೆ ಹಿಡಿಯುತ್ತಾರೆ. ನಾನು ಹೋಗಿ ಹುಡುಕಿದರೆ ನಾನೇ ತೋರಿಸಿಕೊಟ್ಟ ಹಾಗೆ. ತಡಿ ತಾಯಿ ಅಂತ ಇಲ್ಲಿಂದ ತಿರುಗಿ ಬರೆಯಲು ದಾರಿಯಿಲ್ಲ, ಇಡಬಾರದೆಂದು ನಾನೇ ಇಟ್ಟಿಲ್ಲ. ಅಳಿಸುವ ಬಟನ್ ಮೇಲೆ ಬೆರಳಿದೆ. ಅಳಿಸಿದರೆ ನಾಳೆಯೂ ಅವಳು ಆ ಸ್ಟೋರಿಗೆ ಹೋಗಬೇಕು.